ಲಿಂಕ್ ಯಾಕೆ ಸಾಯುತ್ತೆ? ಬ್ಲಾಗ್, ಥೀಮ್ ಮತ್ತು 404ರ ಇತಿಹಾಸ

ಭಾಗ 1: ಎಲ್ಲ ಶುರುವಾಗಿದ್ದು ವಿಳಾಸದಿಂದ

ಸೆಮಿನಾರ್‌ಗೆ ಏನೋ ಹುಡುಕ್ತಾ ಇರ್ತೀರಿ. ಹಳೇ ಕನ್ನಡ ಬ್ಲಾಗ್ ಒಂದರ ಲಿಂಕ್ ಸಿಗುತ್ತೆ. ಒತ್ತಿದ್ರೆ 404, ಪುಟ ಇಲ್ಲ. ಬರೆದವರೇ ಡಿಲೀಟ್ ಮಾಡಿರಬೇಕು ಅಂದ್ಕೊಂಡು ಮುಂದೆ ಹೋಗ್ತೀರಿ. ಎಷ್ಟೋ ಸಲ ವಿಷಯ ಹಾಗಿರಲ್ಲ. ಬರಹ ಅಲ್ಲೇ ಎಲ್ಲೋ ಇರುತ್ತೆ, ವಿಳಾಸ ಮಾತ್ರ ಬದಲಾಗಿರುತ್ತೆ.

ಬಿಕಾಂ ಗೆಳೆಯರಿಗೆ ಇದು ಸುಲಭವಾಗಿ ಅರ್ಥ ಆಗುತ್ತೆ. ಜರ್ನಲ್‌ನಲ್ಲಿ ಎಲ್.ಎಫ್. ಅನ್ನೋ ಕಾಲಂ ಇದೆ ಅಲ್ವಾ? ಲೆಡ್ಜರ್‌ನ ಯಾವ ಪುಟಕ್ಕೆ ಪೋಸ್ಟ್ ಆಗಿದೆ ಅಂತ ಅಲ್ಲಿ ಬರೀತೀವಿ. ಯಾರೋ ಲೆಡ್ಜರ್‌ನ ಹೊಸದಾಗಿ ಬೈಂಡ್ ಮಾಡಿಸಿ ಪುಟದ ನಂಬರ್ ಬದಲಾಯಿಸಿದ್ರೆ? ಲೆಕ್ಕ ಎಲ್ಲಾ ಸರಿಯಾಗೇ ಇರುತ್ತೆ, ಆದ್ರೆ ಒಂದು ಖಾತೆನೂ ಹುಡುಕೋಕೆ ಆಗಲ್ಲ.

1989ರಲ್ಲಿ ಜಿನೀವಾ ಹತ್ತಿರದ ಸರ್ನ್ ಪ್ರಯೋಗಾಲಯದಲ್ಲಿ ಟಿಮ್ ಬರ್ನರ್ಸ್-ಲೀ ವೆಬ್‌ನ ಯೋಜನೆ ಬರೆದಾಗ ಒಂದು ದೊಡ್ಡ ನಿರ್ಧಾರ ಇತ್ತು: ಲಿಂಕ್ ಒಂದೇ ದಿಕ್ಕಿನದು. ನೀವು ಯಾರ ಪುಟಕ್ಕೆ ಬೇಕಾದ್ರೂ ಲಿಂಕ್ ಕೊಡಬಹುದು, ಅವರ ಅನುಮತಿ ಬೇಡ, ಅವರಿಗೆ ಗೊತ್ತಾಗೋದೂ ಬೇಡ. ಅದಕ್ಕೇ ವೆಬ್ ಇಷ್ಟು ಬೇಗ ಬೆಳೀತು. ಅದಕ್ಕೇ ಲಿಂಕ್ ಮುರಿಯೋದೂ ಇಷ್ಟು ಸುಲಭ. ಆ ಪುಟದವರು ಜಾಗ ಬದಲಾಯಿಸಿದ್ರೆ ನಿಮಗೆ ತಿಳಿಸೋರು ಯಾರೂ ಇಲ್ಲ. 404 ಅನ್ನೋದು ಆ ಸ್ವಾತಂತ್ರ್ಯಕ್ಕೆ ನಾವು ಕೊಡ್ತಿರೋ ಬೆಲೆ.

1998ರಲ್ಲಿ ಅದೇ ಬರ್ನರ್ಸ್-ಲೀ ಒಂದು ಚಿಕ್ಕ ಟಿಪ್ಪಣಿ ಬರೆದು, ವಿಳಾಸವನ್ನ ವರ್ಷಾನುಗಟ್ಟಲೆ ಬಾಳೋ ಹಾಗೆ ಯೋಚಿಸಿ ಇಡಿ ಅಂತ ವೆಬ್‌ಸೈಟ್ ನಡೆಸೋರಿಗೆ ಹೇಳಿದ್ರು. ಕೇಳಿದವರು ಕಮ್ಮಿ.

ಭಾಗ 2: ಬ್ಲಾಗ್ ಬಂತು, ಥೀಮ್ ಬಂತು

1999ರಲ್ಲಿ ಪೈರಾ ಲ್ಯಾಬ್ಸ್ ಅನ್ನೋ ಪುಟ್ಟ ಕಂಪನಿ 'ಬ್ಲಾಗರ್' ಶುರು ಮಾಡ್ತು. ಬ್ಲಾಗ್‌ನಲ್ಲಿ ಹೊಸ ಬರಹ ಮೇಲೆ, ಹಳೇದು ಕೆಳಗೆ. ಇವತ್ತು ಮುಖಪುಟಕ್ಕೆ ಲಿಂಕ್ ಕೊಟ್ರೆ ಮುಂದಿನ ವಾರ ಅಲ್ಲಿ ಬೇರೇನೋ ಇರುತ್ತೆ. ಇದಕ್ಕೆ ಪರಿಹಾರವಾಗಿ 2000ದಲ್ಲಿ ಪರ್ಮಾಲಿಂಕ್ ಬಂತು. ಪ್ರತಿ ಬರಹಕ್ಕೂ ತನ್ನದೇ ಒಂದು ಕಾಯಂ ವಿಳಾಸ. 2003ರ ಫೆಬ್ರವರಿಯಲ್ಲಿ ಗೂಗಲ್ ಈ ಕಂಪನಿಯನ್ನೇ ಕೊಂಡ್ಕೊಳ್ತು.

ಅದೇ ವರ್ಷ ಮೇ 27ಕ್ಕೆ ಮ್ಯಾಟ್ ಮುಲೆನ್‌ವೆಗ್ ಮತ್ತು ಮೈಕ್ ಲಿಟಲ್ ವರ್ಡ್‌ಪ್ರೆಸ್ ಹೊರತಂದ್ರು. 2005ರ ಫೆಬ್ರವರಿಯಲ್ಲಿ ಬಂದ 1.5ನೇ ಆವೃತ್ತಿಯಲ್ಲಿ ಥೀಮ್ ವ್ಯವಸ್ಥೆ ಬಂತು. ಬರಹ ಒಂದು ಕಡೆ, ಅಲಂಕಾರ ಇನ್ನೊಂದು ಕಡೆ. ಬಟ್ಟೆ ಬದಲಾಯಿಸಿದಷ್ಟು ಸುಲಭ.

ಹಾಗಾದ್ರೆ ತೊಂದರೆ ಎಲ್ಲಿ? ಜನ ಥೀಮ್ ಫೈಲ್ ಒಳಗೇ ಕೈಯಾರೆ ಕೋಡ್ ಬರೆದ್ರು. ಗೆಳೆಯರ ಬ್ಲಾಗ್‌ಗಳ ಪಟ್ಟಿ, ಹಿಟ್ ಕೌಂಟರ್, ಫಾಂಟ್, ಎಲ್ಲಾ ಅಲ್ಲೇ. ಥೀಮ್ ಅಪ್‌ಡೇಟ್ ಆಯ್ತು ಅಂದ್ರೆ ಹೊಸ ಫೈಲ್ ಬಂದು ಹಳೇದರ ಮೇಲೆ ಕೂರುತ್ತೆ, ನೀವು ಬರೆದಿದ್ದೆಲ್ಲ ಮಾಯ. ಬ್ಲಾಗರ್‌ನಲ್ಲೂ 2006ರ ಕೊನೆಗೆ ಹೊಸ ಲೇಔಟ್ ಬಂದಾಗ ಇದೇ ಕಥೆ. ಹಳೇ ಟೆಂಪ್ಲೇಟ್‌ಗೆ ಕೈಯಾರೆ ಸೇರಿಸಿದ್ದನ್ನ ಮತ್ತೆ ಸೇರಿಸಬೇಕಾಯ್ತು.

ಭಾಗ 3: ಕನ್ನಡಕ್ಕೆ ಬಿದ್ದ ಎರಡು ಪೆಟ್ಟು

ಇಲ್ಲಿ ನಮ್ಮ ಕಥೆ ಸ್ವಲ್ಪ ಬೇರೆ.

ಮೊದಲನೇದು ಫಾಂಟ್. 1991ರ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಇತ್ತು. ಆದ್ರೆ ವಿಂಡೋಸ್‌ನಲ್ಲಿ ಕನ್ನಡ ನೆಟ್ಟಗೆ ಕಾಣೋಕೆ 2001ರ ಎಕ್ಸ್‌ಪಿ ಮತ್ತು ಅದರ ತುಂಗಾ ಫಾಂಟ್ ಬರಬೇಕಾಯ್ತು. ಆ ದಿನಗಳಲ್ಲಿ ಶೇಷಾದ್ರಿವಾಸು ಅವರ 'ಬರಹ', ಕನ್ನಡ ಗಣಕ ಪರಿಷತ್ತಿನ 'ನುಡಿ' ನಮ್ಮ ಕೈ ಹಿಡಿದಿದ್ವು. ಆ ಕಾಲದ ಫಾಂಟ್‌ಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸಂಕೇತದ ಜಾಗದಲ್ಲಿ ಕನ್ನಡ ಅಕ್ಷರದ ಚೂರುಗಳನ್ನ ಕೂರಿಸಿರ್ತಿದ್ರು. ಹೀಗೆ ಮಾಡಿದ ವೆಬ್ ಪುಟದಲ್ಲಿ ಫಾಂಟ್ ಬದಲಾದ್ರೆ ಬರಹದ ಅಂದ ಮಾತ್ರ ಕೆಡೋದಲ್ಲ, ಕನ್ನಡವೇ ಹೋಗಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತೆ. ಬೇರೆಯವರಿಗೆ ಬರೀ ಅಲಂಕಾರದ ಸಮಸ್ಯೆ ಆಗಿದ್ದದ್ದು ನಮಗೆ ಓದೋಕೇ ಆಗದ ಸಮಸ್ಯೆ ಆಯ್ತು.

ಎರಡನೇದು ವಿಳಾಸ. ಬ್ಲಾಗರ್ ಶೀರ್ಷಿಕೆಯಿಂದ ಲಿಂಕ್ ಮಾಡುತ್ತೆ, ಆದ್ರೆ ಇಂಗ್ಲಿಷ್ ಅಕ್ಷರ ಮಾತ್ರ ತಗೊಳ್ಳುತ್ತೆ. ಪೂರ್ತಿ ಕನ್ನಡ ಶೀರ್ಷಿಕೆ ಕೊಟ್ರೆ? ವಿಳಾಸದಲ್ಲಿ ಬರೀ 'ಬ್ಲಾಗ್-ಪೋಸ್ಟ್' ಅಂತ, ಮುಂದೆ ಒಂದು ನಂಬರ್. ಹಳೇ ಕನ್ನಡ ಬ್ಲಾಗ್‌ಗಳನ್ನ ತೆರೆದು ನೋಡಿ, ಕಥೆ, ಕವನ, ಪ್ರವಾಸ ಎಲ್ಲದಕ್ಕೂ ಅದೇ ಹೆಸರು. ವರ್ಡ್‌ಪ್ರೆಸ್ ಕನ್ನಡ ತಗೊಳ್ಳುತ್ತೆ, ಆದ್ರೆ ಒಂದೊಂದು ಅಕ್ಷರ ಸಂಕೇತಕ್ಕೂ 9 ಚಿಹ್ನೆ ಬೇಕು, ಇರೋ ಜಾಗ 200. ಅಂದ್ರೆ ಸುಮಾರು 22 ಸಂಕೇತ, ಗುಣಿತ ಒತ್ತು ಎಲ್ಲ ಸೇರಿ. ಉದ್ದದ ಶೀರ್ಷಿಕೆ ಅರ್ಧಕ್ಕೇ ಕತ್ತರಿಸಿ ಹೋಗುತ್ತೆ.

ಇಂಗ್ಲಿಷ್ ಲಿಂಕ್ ಸತ್ರೆ ವಿಳಾಸ ಓದಿ ವಿಷಯ ಏನಿತ್ತು ಅಂತ ಊಹೆ ಮಾಡಬಹುದು. ನಮ್ಮದು ಸತ್ರೆ ಹೆಸರೂ ಉಳಿಯಲ್ಲ.

ಭಾಗ 4: ಎಷ್ಟು ಹೋಯ್ತು, ಏನು ಮಾಡೋದು

2009ರ ಅಕ್ಟೋಬರ್‌ನಲ್ಲಿ ಯಾಹೂ ತನ್ನ ಜಿಯೋಸಿಟೀಸ್ ಮುಚ್ಚಿತು. 1990ರ ದಶಕದಲ್ಲಿ ಜನಸಾಮಾನ್ಯರು ಕಟ್ಟಿಕೊಂಡಿದ್ದ ಲಕ್ಷಾಂತರ ಪುಟಗಳು ಒಂದೇ ಏಟಿಗೆ ಹೋದ್ವು. ಸ್ವಯಂಸೇವಕರು ರಾತ್ರಿ ಹಗಲು ಕಾಪಿ ಮಾಡಿಟ್ಟಿದ್ದು ಮಾತ್ರ ಉಳೀತು. 2024ರಲ್ಲಿ ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ ಲೆಕ್ಕ ಹಾಕಿದಾಗ, 2013ರಲ್ಲಿದ್ದ ಪುಟಗಳಲ್ಲಿ 38% ಹತ್ತು ವರ್ಷದಲ್ಲಿ ಸಿಗದ ಹಾಗೆ ಆಗಿದ್ವು.

ನಿಮ್ಮದೂ ಒಂದು ಬ್ಲಾಗ್ ಇದ್ರೆ, ಡಿಪಾರ್ಟ್‌ಮೆಂಟ್‌ದೇ ಆಗಿರಲಿ, ಈ ನಾಲ್ಕು ವಿಷಯ ನೆನಪಿಡಿ:

1. ಏನೋ ಕೆಟ್ಟಿದೆ ಅನ್ನಿಸಿದ್ರೆ ಮೊದಲು ಡೀಫಾಲ್ಟ್ ಥೀಮ್ ಹಾಕಿ ನೋಡಿ. ಸರಿ ಹೋದ್ರೆ ತಪ್ಪು ಥೀಮ್‌ನದು, ಇಲ್ಲಾಂದ್ರೆ ಪ್ಲಗಿನ್‌ಗಳನ್ನ ಒಂದೊಂದಾಗಿ ನಿಲ್ಲಿಸಿ ಪರೀಕ್ಷಿಸಿ. ಕ್ಯಾಶ್ ಕ್ಲಿಯರ್ ಮಾಡೋದು ಮರೀಬೇಡಿ.

2. ವರ್ಡ್‌ಪ್ರೆಸ್‌ನಲ್ಲಿ ಮುಖಪುಟ ಬರುತ್ತೆ, ಒಳಗಿನ ಬರಹ ಎಲ್ಲಾ 404 ಅಂದ್ರೆ ಸೆಟ್ಟಿಂಗ್ಸ್‌ನಲ್ಲಿ ಪರ್ಮಾಲಿಂಕ್ಸ್ ತೆರೆದು, ಏನೂ ಬದಲಾಯಿಸದೆ ಸೇವ್ ಒತ್ತಿ. ಎಷ್ಟೋ ಸಲ ಅಷ್ಟೇ ಸಾಕು.

3. ಥೀಮ್‌ನ ಮೂಲ ಫೈಲ್ ಮುಟ್ಟಬೇಡಿ, ಚೈಲ್ಡ್ ಥೀಮ್ ಮಾಡ್ಕೊಳ್ಳಿ. ಆಗ ಅಪ್‌ಡೇಟ್ ಬಂದ್ರೂ ನಿಮ್ಮ ಕೆಲಸ ಉಳಿಯುತ್ತೆ.

4. ವಿಳಾಸ ಬದಲಾಯಿಸಲೇಬೇಕು ಅಂದ್ರೆ 301 ಹಾಕಿ. ಅಂದ್ರೆ ಹಳೇ ವಿಳಾಸಕ್ಕೆ ಬಂದವರನ್ನ ಹೊಸದಕ್ಕೆ ಕಳಿಸೋ ಸೂಚನೆ. ಅಕೌಂಟೆನ್ಸಿಯ ರೆಕ್ಟಿಫಿಕೇಶನ್ ಎಂಟ್ರಿ ಥರ. ಹಳೇದನ್ನ ಅಳಿಸಲ್ಲ, ಸರಿ ಮಾಡೋ ಹೊಸ ಎಂಟ್ರಿ ಹಾಕ್ತೀವಿ.

ಇನ್ನೊಂದು ಮಾತು. ಇನ್‌ಸ್ಟಾದಲ್ಲಿ ಕ್ಯಾಪ್ಷನ್‌ನೊಳಗೆ ಹಾಕಿದ ಲಿಂಕ್ ಒತ್ತೋಕೇ ಆಗಲ್ಲ. ಲಿಂಕ್ ಸತ್ತಾಗ ಬೇಜಾರಾಗೋ ತಲೆಮಾರು ಅದು, ಲಿಂಕೇ ಇಲ್ಲದ ಜಾಗದಲ್ಲಿ ಬರೀತಿರೋ ತಲೆಮಾರು ನಾವು. ನಮ್ಮ ಬರಹಕ್ಕೆ ಇನ್ನೂ ಹೆಚ್ಚು ಕಾಳಜಿ ಬೇಕು.

ಇಂಟರ್‌ನೆಟ್ ಆರ್ಕೈವ್ 1996ರಿಂದ ವೆಬ್ ಪುಟಗಳನ್ನ ಕೂಡಿಡ್ತಾ ಇದೆ, 2001ರಿಂದ ಅದರ ವೇಬ್ಯಾಕ್ ಮಷೀನ್ ಎಲ್ಲರಿಗೂ ಉಚಿತ. ನಿಮಗೆ ಇಷ್ಟವಾದ ಒಂದು ಹಳೇ ಕನ್ನಡ ಬ್ಲಾಗ್‌ನ ವಿಳಾಸವನ್ನ ಇವತ್ತೇ ಅಲ್ಲಿ ಹಾಕಿ ಸೇವ್ ಒತ್ತಿ. ಎರಡು ನಿಮಿಷದ ಕೆಲಸ. ಬರೆದವರಿಗೆ ಗೊತ್ತೂ ಆಗಲ್ಲ, ಆದ್ರೆ ಒಂದು ಪುಟ ಉಳಿಯುತ್ತೆ.

#ಕನ್ನಡಬ್ಲಾಗ್ #ವೆಬ್‌ಇತಿಹಾಸ #ಬಿಕಾಂ