ಹಿಮಘಟ್ಟದ ಮೇಲಣ ಛತ್ರ

ಸಂಜೆಗತ್ತಲಲ್ಲಿ ಮೊಳಕಾಲುದ್ದದ ಹಿಮವನ್ನು ತುಳಿದು, ಬೆಟ್ಟದ ಮೇಲಣ ಮನೆಯೊಂದನ್ನು ಸೇರಿ ರಾತ್ರಿಯೂಟ ಮಾಡುವುದು ಇಂದು ಯೂರೋಪಿನ ಪರ್ವತಪ್ರಾಂತಗಳಲ್ಲಿ ಒಂದು ವಿನೋದವೆನಿಸಿದೆ. ಆದರೆ ಇದೇ ನಡಿಗೆ ಒಂದು ಕಾಲದಲ್ಲಿ ಜೀವನ್ಮರಣದ ಪ್ರಶ್ನೆಯಾಗಿದ್ದಿತು. ದಾರಿಯ ಕೊನೆಗೆ ಬಾಗಿಲೊಂದು ಸಿಕ್ಕಿದರೆ ಬದುಕು. ಸಿಕ್ಕದಿದ್ದರೆ ಹಿಮವೇ ಸಮಾಧಿ. ಅಂತಹ ಬಾಗಿಲೊಂದನ್ನು ಸುಮಾರು ಒಂದು ಸಾವಿರ ವರ್ಷಗಳಿಂದ ತೆರೆದಿಟ್ಟುಕೊಂಡು ಬಂದವರ ಕಥೆಯಿದು.

ಆಲ್ಪ್ಸ್ ಪರ್ವತಶ್ರೇಣಿಯಲ್ಲಿ, ಸ್ವಿಟ್ಜರ್‌ಲೆಂಡಿನ ವಾಲೆ ಪ್ರಾಂತಕ್ಕೂ ಇಟಲಿಯ ಆವೊಸ್ತಾ ಕಣಿವೆಗೂ ನಡುವೆ, 2,469 ಮೀಟರು ಎತ್ತರದಲ್ಲಿ ಗ್ರೇಟ್ ಸೇಂಟ್ ಬರ್ನಾರ್ಡ್ ಎಂಬ ಘಾಟಿಯಿದೆ. ರೋಮನ್ನರು ಇಲ್ಲಿ ಜುಪಿಟರ್ ದೇವತೆಗೆ ಗುಡಿ ಕಟ್ಟಿದ್ದರು. ರೋಮಿಗೆ ಹೋಗುವ ಯಾತ್ರಿಕರಿಗೂ ವರ್ತಕರಿಗೂ ಇದೇ ಹೆದ್ದಾರಿ. ಹಿಮಪಾತದ ಭಯ ಸಾಲದೆಂಬಂತೆ ಹತ್ತನೆಯ ಶತಮಾನದಲ್ಲಿ ಸುಲಿಗೆಯ ಭಯವೂ ಸೇರಿಕೊಂಡಿತು. 972ರಲ್ಲಿ ಕ್ಲೂನಿಯ ಮಠಾಧಿಪತಿ ಮಯೋಲಸನೇ ಈ ದಾರಿಯಲ್ಲಿ ಸಾರಸೆನ್ನರ ಕೈಗೆ ಸಿಕ್ಕಿ, ಹಣ ತೆತ್ತು ಬಿಡಿಸಿಕೊಳ್ಳಬೇಕಾಯಿತು. ದಾರಿಗರ ಈ ಸಂಕಟಕ್ಕೆ ಮರುಗಿದ ಆವೊಸ್ತಾದ ಧರ್ಮಾಧಿಕಾರಿ ಬರ್ನಾರ್ಡನು ಸುಮಾರು 1050ರಲ್ಲಿ ಘಾಟಿಯ ನೆತ್ತಿಯ ಮೇಲೆ ಛತ್ರವೊಂದನ್ನು ಸ್ಥಾಪಿಸಿದನು. 1923ರಲ್ಲಿ ಪೋಪರು ಆತನನ್ನು ಪರ್ವತಾರೋಹಿಗಳ ರಕ್ಷಕ ಸಂತನೆಂದು ಸಾರಿದರು.

ಛತ್ರದ ಕಾರ್ಯಕ್ರಮ ಸರಳವಾದುದು, ಆದರೆ ಸುಲಭವಾದುದಲ್ಲ. ಚಳಿಗಾಲದಲ್ಲಿ ಛತ್ರದ ಆಳುಗಳೂ ಸನ್ಯಾಸಿಗಳೂ ರೊಟ್ಟಿ, ಗಿಣ್ಣು, ದ್ರಾಕ್ಷಾರಸಗಳನ್ನು ಹೊತ್ತು ಇಳಿಜಾರಿನಲ್ಲಿ ದಾರಿಗರನ್ನು ಅರಸುತ್ತಿದ್ದರು. ಸ್ವಿಟ್ಜರ್‌ಲೆಂಡಿನ ಕಡೆಯ ಕೊನೆಯ ಏರಿಗೆ ‘ಸತ್ತವರ ಕಣಿವೆ’ ಎಂದೇ ಹೆಸರು. ಮೇಲಿನಿಂದ ಹಿಮರಾಶಿ ಕುಸಿದು ಬೀಳುವ ಸ್ಥಳವದು. ಹದಿನೇಳನೆಯ ಶತಮಾನದ ಉತ್ತರಾರ್ಧದಿಂದ ಅವರು ಸಾಕಿದ ದೊಡ್ಡ ನಾಯಿಗಳು ಮಂಜಿನಲ್ಲಿ ದಾರಿ ಹಿಡಿಯುವುದರಲ್ಲಿಯೂ, ಹಿಮದಡಿ ಹೂತವರನ್ನು ಮೂಸಿ ಕಂಡುಹಿಡಿಯುವುದರಲ್ಲಿಯೂ ನೆರವಾದವು. 1800ರಲ್ಲಿ ಹುಟ್ಟಿದ ಬ್ಯಾರಿ ಎಂಬ ನಾಯಿ ನಲವತ್ತಕ್ಕೂ ಹೆಚ್ಚು ಜೀವಗಳನ್ನು ಉಳಿಸಿತೆಂದು ಪ್ರತೀತಿ. ನಾಯಿಯ ಕೊರಳಲ್ಲಿ ಮದ್ಯದ ಪೀಪಾಯಿ ಕಟ್ಟಿರುತ್ತಿತ್ತೆಂಬುದು ಮಾತ್ರ 1820ರ ಲ್ಯಾಂಡ್‌ಸಿಯರನ ಚಿತ್ರದಿಂದ ಹಬ್ಬಿದ ಕಲ್ಪನೆ.

1800ರ ಮೇ ತಿಂಗಳಲ್ಲಿ ನೆಪೋಲಿಯನ್ನನು ಸುಮಾರು ನಲವತ್ತು ಸಾವಿರ ಸೈನಿಕರೊಡನೆ ಈ ಘಾಟಿಯನ್ನು ದಾಟಿದನು. ಫಿರಂಗಿಯ ನಳಿಗೆಗಳನ್ನು ಟೊಳ್ಳು ಮಾಡಿದ ಮರದ ದಿಮ್ಮಿಗಳಲ್ಲಿಟ್ಟು ಹಿಮದ ಮೇಲೆ ಎಳೆಯಲಾಯಿತು. ಏರಿ ಬಂದ ಸೈನಿಕರಿಗೆ ಸನ್ಯಾಸಿಗಳು ಆಹಾರಪಾನೀಯಗಳನ್ನಿತ್ತರು. ದಾವೀದನೆಂಬ ಚಿತ್ರಕಾರನು ನಾಯಕನನ್ನು ಮುಂಗಾಲೆತ್ತಿದ ಕುದುರೆಯ ಮೇಲೆ ಚಿತ್ರಿಸಿದ್ದಾನೆ. ನಿಜದಲ್ಲಿ ಆತನು ಏರಿದುದು ಹೇಸರಗತ್ತೆ, ಅದನ್ನು ನಡೆಸಿದವನು ಅಲ್ಲಿನ ಹಳ್ಳಿಗ. ಜಗತ್ತು ಚಿತ್ರದ ಕುದುರೆಯನ್ನು ನೆನೆಯುತ್ತದೆ. ಅನ್ನವಿಕ್ಕಿದವರ ಹೆಸರನ್ನು ಕೇಳುವುದಿಲ್ಲ.

ಇನ್ನೊಂದು ಸಂಗತಿ ಗಡಿನಾಡಿನವರಾದ ನಮಗೆ ಮನಮುಟ್ಟುವಂತಹುದು. ಘಾಟಿಯ ಎರಡು ಕಡೆಯ ಕಣಿವೆಗಳಲ್ಲಿಯೂ ಪರಂಪರೆಯಿಂದ ಬಂದುದು ಫ್ರೆಂಚಿಗೆ ಹತ್ತಿರವಾದ ಒಂದೇ ಬಗೆಯ ನುಡಿ. ರಾಜ್ಯದ ಗೆರೆ ಮಾತ್ರ ನಡುವೆ ಹಾದುಹೋಗಿದೆ. ಈ ಗೆರೆಯ ವ್ಯಾಜ್ಯದಿಂದ ಛತ್ರಕ್ಕೂ ಪೆಟ್ಟು ಬಿತ್ತು. 1752ರಲ್ಲಿ ಸವಾಯ್ ಅರಸರ ಸೀಮೆಯಲ್ಲಿದ್ದ ಛತ್ರದ ಆಸ್ತಿಗಳನ್ನು ಪೋಪರ ಆಜ್ಞೆಯಂತೆ ಅದರಿಂದ ಬೇರ್ಪಡಿಸಲಾಯಿತು. ಹೊಲಗದ್ದೆ ಹೋಯಿತು, ಊಟ ನಿಲ್ಲಲಿಲ್ಲ. ಸನ್ಯಾಸಿಗಳು ಊರೂರು ತಿರುಗಿ ಭಿಕ್ಷೆ ತಂದು ಛತ್ರವನ್ನು ನಡೆಸಿದರು. ಬಂದವನು ಯಾವ ಸೀಮೆಯವನು, ಯಾವ ಮತದವನು ಎಂದು ಕೇಳದೆ ಬಡಿಸುವ ನಿಯಮವನ್ನು ಬಿಡಲಿಲ್ಲ.

1964ರಲ್ಲಿ ಬೆಟ್ಟದ ಹೊಟ್ಟೆಯೊಳಗೆ ಸುರಂಗಮಾರ್ಗ ತೆರೆಯಿತು. ಇಂದು ಪ್ರಯಾಣಿಕನು ಕೆಲವೇ ನಿಮಿಷಗಳಲ್ಲಿ ಆಚೆಯ ದೇಶದಲ್ಲಿರುತ್ತಾನೆ. ಮೇಲಿನ ರಸ್ತೆ ಚಳಿಗಾಲವೆಲ್ಲ ಮುಚ್ಚಿರುತ್ತದೆ. ಆದರೂ ಸುರಂಗದ ಬಾಯಿಯ ಬಳಿ ಇಳಿದು, ಸುಮಾರು 550 ಮೀಟರು ಎತ್ತರವನ್ನು ಕಾಲ್ನಡಿಗೆಯಿಂದ ಏರುವವರು ಉಂಟು. ಕೆಲವರು ಅಗಲವಾದ ಹಿಮಪಾದುಕೆಗಳನ್ನು ಕಟ್ಟುತ್ತಾರೆ. ದೇಹದ ಭಾರ ಹೆಚ್ಚು ಜಾಗದ ಮೇಲೆ ಹರಡುವುದರಿಂದ ಕಾಲು ಹೂತುಹೋಗದು. ಕೆಲವರು ಸ್ಕೀ ಎಂಬ ಉದ್ದನೆಯ ಜಾರುಪಟ್ಟಿಗಳ ಅಡಿಗೆ ರೋಮದ ಪಟ್ಟಿ ಅಂಟಿಸುತ್ತಾರೆ. ರೋಮಗಳು ಹಿಂದಕ್ಕೆ ಬಾಗಿರುವುದರಿಂದ ಪಟ್ಟಿ ಮುಂದೆ ಸರಿಯುತ್ತದೆ, ಹಿಂದೆ ಜಾರದು. ಎರಡು ಮೂರು ತಾಸಿನ ಏರಿನ ಬಳಿಕ ಕಲ್ಲಿನ ಕಟ್ಟಡ ಕಾಣುತ್ತದೆ. ಬಂದವರಿಗೆ ಮೊದಲು ಬಿಸಿ ಚಹ, ಬಳಿಕ ಎಲ್ಲರೊಡನೆ ಊಟ. ಉಳಿಯುವವರು ಈಗ ಹಣ ಕೊಡುತ್ತಾರೆಂಬುದು ನಿಜ. ಆದರೆ ಬಾಗಿಲಿಗೆ ಬೀಗವಿಲ್ಲ.

ಸುರಂಗ ಬಂದ ಮೇಲೆ ಛತ್ರವೇಕೆ ಎಂದು ಕೇಳಬಹುದು. ದಾರಿ ತಪ್ಪಿದವರು ಕಡಮೆಯಾದಾರು, ಇಲ್ಲದಾಗಲಾರರು. ಮೇಲಾಗಿ, ಎಂದೋ ಬರುವ ಒಬ್ಬ ಅಪರಿಚಿತನಿಗಾಗಿ ದಿನವೂ ಒಲೆ ಉರಿಸುವುದೇ ಛತ್ರಧರ್ಮ. ಇಂದು ಒಬ್ಬರೂ ಬರಲಿಲ್ಲವೆಂದು ನಾಳೆ ಒಲೆಯನ್ನು ಆರಿಸಿದರೆ, ನಾಳಿದ್ದು ಬರುವವನು ಉಳಿಯುವುದಿಲ್ಲ. ಮಕ್ಕಳು ಎಷ್ಟೇ ಕಡಮೆಯಿದ್ದರೂ ದಿನವೂ ಬಾಗಿಲು ತೆರೆಯುವ ಶಾಲೆಗಳ ಉಪಾಧ್ಯಾಯರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.