ನಾಯಿ ಕಲಿತದ್ದು, ನಾವು ಕಲಿಯಬೇಕಾದದ್ದು

ನಾಯಿ ಸಾಕಿದವರು ತರಬೇತುದಾರರನ್ನು ಹುಡುಕಿಕೊಂಡು ಹೋಗುವುದು ಬಹುಮಟ್ಟಿಗೆ ಒಂದೇ ದೂರಿನೊಂದಿಗೆ: 'ಮಾತು ಕೇಳುವುದಿಲ್ಲ'. ಬಂದವರ ಮೇಲೆ ಹಾರುತ್ತದೆ, ಬೆಲ್ಟು ಹಿಡಿದವರನ್ನೇ ಎಳೆದೊಯ್ಯುತ್ತದೆ, ಚಪ್ಪಲಿ ಉಳಿಸುವುದಿಲ್ಲ. ಕೆಟ್ಟಿರುವುದು ನಾಯಿ, ಅದನ್ನು ತಿದ್ದಬೇಕು ಎಂಬ ಈ ನಂಬಿಕೆಯಿಂದಲೇ ತರಬೇತಿಯ ವಿದ್ಯೆಯೂ ಹೊರಟಿತು. ನೂರು ವರ್ಷ ದಾಟಿದ ಮೇಲೆ ಅದರ ಗಮನ ನಾಯಿಯ ಕೊರಳಿನಿಂದ ಮಾಲೀಕರ ಕೈಗೆ, ಅವರ ಸಮಯಪ್ರಜ್ಞೆಗೆ, ಮನೆಯ ಅಭ್ಯಾಸಗಳಿಗೆ ಸರಿದಿದೆ. ಆ ದಾರಿಯನ್ನು ತಿಳಿದುಕೊಂಡರೆ ಇವತ್ತು ಯಾರ ಸಲಹೆ ಕೇಳಬೇಕು, ಯಾರದನ್ನು ಬಿಡಬೇಕು ಎಂಬುದೂ ತಿಳಿಯುತ್ತದೆ.

ಜರ್ಮನಿಯ ಪೊಲೀಸ್ ನಾಯಿಗಳ ತರಬೇತುದಾರ ಕೊನ್ರಾಡ್ ಮೋಸ್ಟ್ 1910ರಲ್ಲಿ ಬರೆದ ಕೈಪಿಡಿ ಈ ಕ್ಷೇತ್ರದ ಮೊದಮೊದಲ ದೊಡ್ಡ ಪುಸ್ತಕಗಳಲ್ಲೊಂದು. ನಾಯಿಗೆ ನಮ್ಮ ನೀತಿ-ಅನೀತಿಗಳ ಅರಿವಿಲ್ಲ, ಒಂದು ಕೆಲಸ ಮಾಡಿದ ಕೂಡಲೇ ತನಗೇನು ಒದಗುತ್ತದೋ ಅದರಿಂದ ಅದು ಕಲಿಯುತ್ತದೆ ಎಂಬುದನ್ನು ಮೋಸ್ಟ್ ಸ್ಪಷ್ಟವಾಗಿ ಕಂಡಿದ್ದರು. ಆದರೆ ಅವರ ಮುಖ್ಯ ಸಾಧನ ಬಲವಂತ. ಸೈನ್ಯ ಮತ್ತು ಪೊಲೀಸರ ಆ ಶಿಸ್ತು ಮುಂದೆ ಮನೆಯಂಗಳಕ್ಕೂ ಬಂತು. 1962ರಲ್ಲಿ ಪ್ರಕಟವಾದ ಅಮೆರಿಕದ ವಿಲಿಯಂ ಕೋಹ್ಲರ್ ಅವರ ಪುಸ್ತಕ ಒಂದಿಡೀ ತಲೆಮಾರಿನ ಮಾಲೀಕರಿಗೆ ಬಿಗಿಯುವ ಸರಪಳಿ ಮತ್ತು ಜಗ್ಗಾಟವನ್ನೇ ಪಾಠವಾಗಿ ಕಲಿಸಿತು. ಈ ವಿಧಾನದಿಂದ ನಾಯಿಗಳು ಕಲಿತವು ಎಂಬುದನ್ನು ಅಲ್ಲಗಳೆಯುವಂತಿಲ್ಲ. ಅದಕ್ಕಾಗಿ ಅವು ತೆತ್ತ ಬೆಲೆಯನ್ನು ಆಗ ಯಾರೂ ಅಳೆದಿರಲಿಲ್ಲ.

ಇದೇ ಕಾಲದಲ್ಲಿ ಪ್ರಯೋಗಶಾಲೆಗಳಲ್ಲಿ ಬೇರೆಯೇ ತಿಳಿವು ಬೆಳೆಯುತ್ತಿತ್ತು. ರಷ್ಯಾದ ಇವಾನ್ ಪಾವ್ಲೋವ್ ಅವರ ನಾಯಿಗಳು ಆಹಾರದ ಮುನ್ಸೂಚನೆ ಸಿಕ್ಕರೆ ಸಾಕು, ಜೊಲ್ಲು ಸುರಿಸುತ್ತಿದ್ದವು. ಹಿತ ಕೊಟ್ಟ ವರ್ತನೆ ಮರುಕಳಿಸುತ್ತದೆ ಎಂದು ಎಡ್ವರ್ಡ್ ಥಾರ್ನ್‌ಡೈಕ್ ತೋರಿಸಿದರು. ಬಿ. ಎಫ್. ಸ್ಕಿನ್ನರ್ 1938ರಲ್ಲಿ ಇದಕ್ಕೊಂದು ವ್ಯವಸ್ಥಿತ ರೂಪ ಕೊಟ್ಟರು. 1951ರಲ್ಲಿ ಅವರು ಸಾಮಾನ್ಯ ಓದುಗರಿಗಾಗಿ ಬರೆದ ಲೇಖನವೊಂದರಲ್ಲಿ, 'ಟಿಕ್' ಎಂದು ಸದ್ದು ಮಾಡುವ ಆಟಿಕೆಯೊಂದನ್ನು ಹಿಡಿದು ನಾಯಿಗೆ ಪಾಠ ಹೇಳುವ ಬಗೆಯನ್ನು ವಿವರಿಸಿದ್ದರು. ನಾಯಿ ಸರಿಯಾದದ್ದನ್ನು ಮಾಡಿದ ಆ ಕ್ಷಣಕ್ಕೇ ಸದ್ದು, ಸದ್ದಿನ ಹಿಂದೆಯೇ ತುತ್ತು. ಸ್ಕಿನ್ನರ್ ಅವರ ಶಿಷ್ಯರಾದ ಕೆಲ್ಲರ್ ಮತ್ತು ಮೇರಿಯನ್ ಬ್ರೆಲ್ಯಾಂಡ್ ದಂಪತಿ ಕೋಳಿ, ಹಂದಿ, ಮೊಲಗಳಿಗೆಲ್ಲ ಹೀಗೆಯೇ ಕಲಿಸಿದರು. ಆದರೂ ನಾಯಿ ಸಾಕುವವರ ಕಿವಿಗೆ ಇದು ಬೀಳಲು ದಶಕಗಳೇ ಬೇಕಾದವು. ಡಾಲ್ಫಿನ್ ತರಬೇತಿಯಿಂದ ಬಂದ ಕೆರನ್ ಪ್ರಯರ್ 1984ರಲ್ಲಿ ಬರೆದ 'ಡೋಂಟ್ ಶೂಟ್ ದ ಡಾಗ್' ಮತ್ತು ಆ 'ಟಿಕ್' ಸದ್ದಿನ ಸಾಧನ, ಅಂದರೆ ಕ್ಲಿಕ್ಕರ್ ಹಿಡಿದು ತೊಂಬತ್ತರ ದಶಕದಲ್ಲಿ ನಡೆದ ಶಿಬಿರಗಳು ಅದನ್ನು ಮನೆಮನೆಗೆ ತಲುಪಿಸಿದವು. ನೀರಿನಲ್ಲಿ ಈಜುವ ಡಾಲ್ಫಿನ್ನಿಗೆ ಸರಪಳಿ ಬಿಗಿಯಲು ಬರುವುದಿಲ್ಲ. ಬಲವಂತಕ್ಕೆ ದಾರಿಯೇ ಇಲ್ಲದ ಕಡೆ ಬೇರೆ ದಾರಿಯನ್ನು ಹುಡುಕಲೇಬೇಕಾಯಿತು.

ಈ ನಡುವೆ ತೋಳಗಳ ಕತೆ ಅಡ್ಡ ಬಂದು ಬಹಳ ಹಾನಿ ಮಾಡಿತು. ರುಡಾಲ್ಫ್ ಶೆಂಕೆಲ್ 1947ರಲ್ಲಿ ಪ್ರಕಟಿಸಿದ ಅಧ್ಯಯನ ಆವರಣದಲ್ಲಿ ಕೂಡಿಟ್ಟ ತೋಳಗಳನ್ನು ಕುರಿತದ್ದು. ಅವು ಮೇಲುಗೈಗಾಗಿ ಕಾದಾಡುತ್ತಿದ್ದವು. ಡೇವಿಡ್ ಮೆಕ್ ಅವರ 1970ರ ತೋಳಗಳ ಪುಸ್ತಕ ಆ ಚಿತ್ರಕ್ಕೆ ವ್ಯಾಪಕ ಪ್ರಚಾರ ಕೊಟ್ಟಿತು. ನಾಯಿ ತೋಳದ ವಂಶದ್ದು, ಹಾಗಾಗಿ ಅದು ಮನೆಯ ಯಜಮಾನಿಕೆಗೆ ಹೊಂಚು ಹಾಕುತ್ತಿರುತ್ತದೆ ಎಂದು ಜನ ತರ್ಕಿಸಿದರು. ನಾಯಿಯನ್ನು ಅಂಗಾತ ಕೆಡವಿ ಒತ್ತಿ ಹಿಡಿಯಬೇಕು, ನಾವು ಉಂಡ ಮೇಲೆಯೇ ಅದಕ್ಕೆ ಹಾಕಬೇಕು ಎಂಬ ಸಲಹೆಗಳು ಹುಟ್ಟಿದ್ದು ಹೀಗೆ. ಕೆನಡಾದ ಎಲ್ಸ್‌ಮಿಯರ್ ದ್ವೀಪದಲ್ಲಿ ಬೇಸಿಗೆಯಿಂದ ಬೇಸಿಗೆಗೆ ಕಾಡುತೋಳಗಳನ್ನು ಹತ್ತಿರದಿಂದ ನೋಡಿದ ಮೆಕ್ 1999ರಲ್ಲಿ ತಮ್ಮ ಮಾತನ್ನು ತಾವೇ ತಿದ್ದಿದರು: ತೋಳದ ಗುಂಪೆಂದರೆ ಸಾಮಾನ್ಯವಾಗಿ ತಂದೆ, ತಾಯಿ, ಮಕ್ಕಳ ಸಂಸಾರ. ಅಲ್ಲಿ ಪಟ್ಟಕ್ಕಾಗಿ ಹೋರಾಟವಿಲ್ಲ. ತಮ್ಮ ಹಳೆಯ ಪುಸ್ತಕದ ಮುದ್ರಣವನ್ನು ನಿಲ್ಲಿಸಿ ಎಂದು ಪ್ರಕಾಶಕರನ್ನೂ ಅವರು ಕೇಳಿಕೊಂಡರು. ವಿಜ್ಞಾನಿಯೊಬ್ಬರು ತೋರಬಹುದಾದ ಪ್ರಾಮಾಣಿಕತೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಆದರೆ ಆ ಹಳೆಯ ಮಾತು ಇನ್ನೂ ಪಾರ್ಕುಗಳಲ್ಲಿ ಓಡಾಡುತ್ತಿದೆ. ನಿಮ್ಮ ನಾಯಿ ಸೋಫಾ ಹತ್ತುವುದು ಯಜಮಾನಿಕೆಗಾಗಿ ಅಲ್ಲ, ಸೋಫಾ ಮೆತ್ತಗಿರುವುದರಿಂದ.

ಬಲವಂತಕ್ಕೆ ನಾಯಿಗಳು ತೆತ್ತ ಬೆಲೆಯನ್ನು ಅಳೆಯುವ ಕೆಲಸವೂ ಕೊನೆಗೆ ನಡೆಯಿತು. ಹೊಡೆಯುವುದು, ಕೆಡವಿ ಹಿಡಿಯುವುದು ಮೊದಲಾದ ಉಪಾಯಗಳಿಗೆ ಗುರಿಯಾದ ನಾಯಿಗಳಲ್ಲಿ ಕನಿಷ್ಠ ಕಾಲು ಭಾಗ ತಿರುಗಿ ಬಿದ್ದಿದ್ದವು ಎಂದು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2009ರಲ್ಲಿ ವರದಿ ಮಾಡಿದರು. ಪೋರ್ಚುಗಲ್ಲಿನಲ್ಲಿ 92 ಸಾಕುನಾಯಿಗಳ ಮೇಲೆ ನಡೆದ, 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಂಡನೆಯ ಶಾಲೆಗಳಲ್ಲಿ ಕಲಿಯುತ್ತಿದ್ದ ನಾಯಿಗಳ ಜೊಲ್ಲಿನಲ್ಲಿ ಪಾಠ ಮುಗಿದಾಗ ಒತ್ತಡದ ಹಾರ್ಮೋನು ಹೆಚ್ಚಿತ್ತು. 2009ರದೇ ಇನ್ನೊಂದು ಪ್ರಯೋಗವನ್ನಂತೂ ಪ್ರತಿಯೊಬ್ಬ ಮಾಲೀಕರೂ ತಿಳಿದಿರಬೇಕು. ನಾವು 'ತಪ್ಪಿತಸ್ಥ ಮುಖ' ಎನ್ನುವುದನ್ನು ನಾಯಿಗಳು ತೋರುವುದು ತಪ್ಪು ಮಾಡಿದಾಗಲ್ಲ, ಬೈಸಿಕೊಂಡಾಗ ಎಂದು ಅಲೆಕ್ಸಾಂಡ್ರಾ ಹೊರೋವಿಟ್ಜ್ ಅದರಲ್ಲಿ ತೋರಿಸಿದರು. ಸಂಜೆ ಮನೆಗೆ ಬಂದು ಬೆಳಗ್ಗೆ ಮಾಡಿದ ಉಚ್ಚೆಗೆ ಬೈದರೆ ನಾಯಿಗೆ ತಿಳಿಯುವುದು ಇಷ್ಟೇ: ನೀವು ಬಾಗಿಲು ತೆರೆದರೆ ಹೆದರಬೇಕು.

ಮರಿಯ ವಯಸ್ಸಿನ ವಿಷಯ ಇನ್ನೂ ಮುಖ್ಯವಾದದ್ದು. ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಅವರ 1965ರ ಪುಸ್ತಕ, ಸುಮಾರು ಮೂರರಿಂದ ಹನ್ನೆರಡು ವಾರಗಳ ನಡುವೆ ಮರಿ ಲೋಕದ ಪರಿಚಯ ಮಾಡಿಕೊಳ್ಳುತ್ತದೆ ಎಂದು ಹೇಳಿತು. ಅಲ್ಲಿಯವರೆಗೆ ಆರು ತಿಂಗಳಾದ ಮೇಲೆ ತರಬೇತಿ ಎಂಬುದೇ ರೂಢಿ. ಎಂಬತ್ತರ ದಶಕದ ಆರಂಭದಲ್ಲಿ ಇಯಾನ್ ಡನ್ಬಾರ್ ಕ್ಯಾಲಿಫೋರ್ನಿಯಾದಲ್ಲಿ ಮರಿಗಳಿಗೇ ತರಗತಿ ತೆರೆದು ಆ ರೂಢಿ ಮುರಿದರು. ನಮ್ಮಲ್ಲಿ ಪಾರ್ವೊ ಕಾಯಿಲೆಯ ಭಯದಿಂದ ಲಸಿಕೆಗಳೆಲ್ಲ ಮುಗಿಯುವ ತನಕ ಮರಿಯನ್ನು ಹೊರಗೆ ಬಿಡುವುದಿಲ್ಲ. ಭಯ ನ್ಯಾಯವಾದದ್ದೇ. ಆದರೆ ಮರಿಯನ್ನು ಎತ್ತಿಕೊಂಡು ಆಟೋ, ಕುಕ್ಕರಿನ ಸೀಟಿ, ಹೆಲ್ಮೆಟ್ ಹಾಕಿದವರು, ಮಕ್ಕಳ ಗಲಾಟೆ ಎಲ್ಲವನ್ನೂ ತೋರಿಸಬಹುದು, ನೆಲಕ್ಕೆ ಬಿಡದಿದ್ದರಾಯಿತು. ಎಷ್ಟು ಬೇಗ ಶುರುಮಾಡಬಹುದೆಂದು ಪಶುವೈದ್ಯರನ್ನು ಕೇಳಿ. ಈ ವಾರಗಳು ಕಳೆದರೆ ಮತ್ತೆ ಸಿಗುವುದಿಲ್ಲ.

ನಾಯಿ ಮನುಷ್ಯನನ್ನು ಓದುವುದರಲ್ಲಿ ಎಷ್ಟು ಜಾಣ ಎಂಬುದಕ್ಕೆ ನಮ್ಮ ಬೀದಿನಾಯಿಗಳೇ ಸಾಕ್ಷಿ. ಕೋಲ್ಕತ್ತದ ವಿಜ್ಞಾನ ಸಂಸ್ಥೆ ಐಸರ್‌ನ ಅನಿಂದಿತಾ ಭದ್ರ ಅವರ ತಂಡ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಪರಿಚಿತರ ಮೇಲೆ ಬೀದಿನಾಯಿಗಳಿಗೆ ನಂಬಿಕೆ ಕುದುರಿದ್ದು ಆಹಾರಕ್ಕಿಂತ ಹೆಚ್ಚಾಗಿ ತಲೆ ಸವರಿದ ಕೈಯಿಂದ. ಇತ್ತ ಮುಧೋಳ ನಾಯಿಗಳನ್ನು 2016ರಲ್ಲಿ ಸೈನ್ಯ ತರಬೇತಿಗಾಗಿ ಮೀರತ್ತಿಗೆ ಒಯ್ದಾಗ ಕನ್ನಡ ನಾಡು ಹೆಮ್ಮೆಪಟ್ಟಿತು. ಆ ಹೆಮ್ಮೆಯಲ್ಲಿ ಅಪಾರ್ಟ್‌ಮೆಂಟಿಗೆ ಮುಧೋಳದ ಮರಿ ತರುವವರಿಗೆ ಒಂದು ಮಾತು: ಅದು ಬಯಲಿನಲ್ಲಿ ಬೇಟೆ ಅಟ್ಟಲು ಬೆಳೆಸಿದ ತಳಿ. ಓಡುವ ಬೆಕ್ಕನ್ನು ಕಂಡು ಹಗ್ಗ ಜಗ್ಗಿದರೆ ಅದು ಅವಿಧೇಯತೆಯಲ್ಲ. ದಿನವೂ ಓಡಿಸಲು ಜಾಗ ಮತ್ತು ಸಮಯ ಇಲ್ಲದಿದ್ದರೆ ತರಬೇಡಿ.

ಇನ್ನು ಮನೆಯೊಳಗಿನ ಕೆಲಸ. ಅಪರೂಪಕ್ಕೊಮ್ಮೆ ಸಿಗುವ ಬಹುಮಾನ ಚಟವನ್ನು ಗಟ್ಟಿ ಮಾಡುತ್ತದೆ ಎಂಬುದು ಸ್ಕಿನ್ನರ್ ಕಂಡ ಸತ್ಯ. ಊಟದ ಹೊತ್ತಿಗೆ ಬೇಡುವ ನಾಯಿಯನ್ನು ಮನೆಯವರೆಲ್ಲ ಗದರಿ ಅಜ್ಜಿಯೊಬ್ಬರು ಆಗಾಗ ಚಪಾತಿ ಚೂರು ಕೊಟ್ಟರೆ, ಅದು ಪಾಠ ಕಲಿಯುವುದು ಅಜ್ಜಿಯಿಂದ. ಆದ್ದರಿಂದ ಮೊದಲು ಮನೆಮಂದಿಯೆಲ್ಲ ಒಂದು ಮಾತಿಗೆ ಬರಬೇಕು. ಬಂದವರ ಮೇಲೆ ಹಾರುವ ನಾಯಿಗೆ 'ಏಯ್' ಎಂದು ತಳ್ಳುವುದೂ ಒಂದು ಆಟ. ಅದರ ನಾಲ್ಕು ಕಾಲೂ ನೆಲದಲ್ಲಿದ್ದಾಗ ಮಾತ್ರ ಮಾತಾಡಿಸಿ, ಉಳಿದಂತೆ ಬೆನ್ನು ತಿರುಗಿಸಿ. ಬಹುಮಾನವಾಗಿ ಕೂಡಲೇ ಕೊಡಲು ಬೇಯಿಸಿದ ಕೋಳಿಯ ಸಣ್ಣ ಚೂರು ಸಾಕು, ಉಪ್ಪು-ಖಾರ ಬೇಡ. ಈರುಳ್ಳಿ, ದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷ. ದೀಪಾವಳಿಯ ಪಟಾಕಿಗೆ ನಡುಗುವ ನಾಯಿಯನ್ನು ಗದರಬೇಡಿ, ಹೆದರಿಕೆಯನ್ನು ಶಿಸ್ತಿನಿಂದ ಓಡಿಸಲಾಗದು. ಹಬ್ಬಕ್ಕೆ ತಿಂಗಳುಗಳ ಮೊದಲೇ ಪಟಾಕಿಯ ಸದ್ದನ್ನು ಮೆಲ್ಲಗೆ ಕೇಳಿಸುತ್ತ ತಿಂಡಿ ಕೊಡುವ ಅಭ್ಯಾಸ ಪಾವ್ಲೋವ್ ಕಾಲದ ತಿಳಿವಿನಿಂದಲೇ ಬಂದದ್ದು.

ಹದಿನೈದು ದಿನ ನಮ್ಮಲ್ಲಿ ಬಿಡಿ, ತಿದ್ದಿ ಕೊಡುತ್ತೇವೆ ಎನ್ನುವವರಿದ್ದಾರೆ. ಅಲ್ಲಿ ಕೂರಲು ಕಲಿತ ನಾಯಿ ಮನೆಗೆ ಬಂದೊಡನೆ ಹಳೆಯ ಚಾಳಿಗೆ ಮರಳಿದರೆ ಆಶ್ಚರ್ಯವಿಲ್ಲ, ಮನೆ ಬದಲಾಗಿರುವುದಿಲ್ಲವಲ್ಲ. ನಾಯಿ ತಳಿ ಬೆಳೆಸಿ ಮಾರುವವರಿಗೆ 2017ರ ಕೇಂದ್ರ ನಿಯಮಗಳು ನೋಂದಣಿ ಕಡ್ಡಾಯ ಮಾಡಿದವು. ಆ ನಿಯಮಗಳು ತರಬೇತುದಾರರನ್ನು ಕುರಿತವಲ್ಲ, ಅವರ ಪರೀಕ್ಷೆ ನಿಮಗೇ ಬಿಟ್ಟದ್ದು. ನಾಯಿಯನ್ನು ಒಪ್ಪಿಸುವ ಮೊದಲು ಕೇಳಿ: ಇದು ಸರಿ ಮಾಡಿದಾಗ ಏನು ಮಾಡುತ್ತೀರಿ? ತಪ್ಪು ಮಾಡಿದಾಗ ಏನು ಮಾಡುತ್ತೀರಿ? ಪಾಠದ ಹೊತ್ತಿಗೆ ನಾನೂ ಪಕ್ಕದಲ್ಲಿ ನಿಲ್ಲಬಹುದೇ? ಕೊನೆಯದಕ್ಕೆ 'ಬೇಡ' ಎಂದರೆ ಬೆಲ್ಟನ್ನು ಅವರ ಕೈಗೆ ಕೊಡಬೇಡಿ.