ವಾರಸಿನ ಮನೆಯ ಮಾರಾಟ ಮತ್ತು ಪ್ರೊಬೇಟ್ (ಶಿಕಾರಿಪುರ, ಸೊರಬ)

ಮೃತರು ಬರೆದಿಟ್ಟ ಉಯಿಲು ನಿಜವಾದದ್ದೆಂದು ನ್ಯಾಯಾಲಯ ದೃಢೀಕರಿಸಿ, ಅದರಲ್ಲಿ ಹೆಸರಿಸಿದ ನಿರ್ವಾಹಕನಿಗೆ ಆಸ್ತಿಯ ಆಡಳಿತ ವಹಿಸುವ ಆದೇಶಕ್ಕೆ ಪ್ರೊಬೇಟ್ ಎನ್ನುತ್ತಾರೆ. ಉಯಿಲು ಇಲ್ಲದಿದ್ದರೆ, ಅಥವಾ ಉಯಿಲಿನಲ್ಲಿ ನಿರ್ವಾಹಕನ ಹೆಸರಿಲ್ಲದಿದ್ದರೆ, ನ್ಯಾಯಾಲಯ ಆಡಳಿತಾಧಿಕಾರ ಪತ್ರ ಕೊಟ್ಟು ಆಡಳಿತಗಾರನನ್ನು ನೇಮಿಸುತ್ತದೆ. ಎರಡಕ್ಕೂ ಆಧಾರ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಅರ್ಜಿ ಇತ್ಯರ್ಥವಾಗುವ ಮುನ್ನ ಮನೆಯನ್ನು ಯಾರು ಮಾರಬಹುದು, ಯಾರ ಸಹಿ ಬೇಕು ಎಂಬುದೇ ಇಲ್ಲಿಯ ಮುಖ್ಯ ಪ್ರಶ್ನೆ.

ಪ್ರೊಬೇಟ್ ಎಲ್ಲಿ ಅಗತ್ಯ

2025ರಲ್ಲಿ 213ನೇ ಕಲಮು ರದ್ದಾಗುವವರೆಗೆ, ಈ ಕಾಯ್ದೆಯ 57 ಮತ್ತು 213ನೇ ಕಲಮುಗಳು ಹಿಂದೂ, ಬೌದ್ಧ, ಸಿಖ್ ಮತ್ತು ಜೈನರ ಉಯಿಲುಗಳಿಗೆ ಪ್ರೊಬೇಟನ್ನು ಕಡ್ಡಾಯ ಮಾಡಿದ್ದು ಹಳೆಯ ಬಂಗಾಳ ಪ್ರಾಂತ್ಯಕ್ಕೆ ಮತ್ತು ಮದ್ರಾಸ್, ಮುಂಬಯಿ ನಗರಗಳಿಗೆ ಮಾತ್ರ. ಹಳೆಯ ಮೈಸೂರು ಸಂಸ್ಥಾನಕ್ಕೆ ಸೇರಿದ್ದ ಶಿಕಾರಿಪುರ, ಸೊರಬಗಳು ಆ ವ್ಯಾಪ್ತಿಯಲ್ಲಿರಲಿಲ್ಲ. ಆದ್ದರಿಂದ ಈ ಎರಡು ತಾಲ್ಲೂಕುಗಳಲ್ಲಿ ಬಹುತೇಕ ಮನೆಗಳ ಖಾತೆ ಪ್ರೊಬೇಟ್ ಇಲ್ಲದೆಯೇ ವಾರಸುದಾರರ ಹೆಸರಿಗೆ ಬರುತ್ತದೆ. ಉಯಿಲಿನ ಬಗ್ಗೆ ತಕರಾರು ಎದ್ದಾಗ ಅಥವಾ ಸಾಲ ಕೊಡುವ ಬ್ಯಾಂಕು ಕೇಳಿದಾಗ ಪ್ರೊಬೇಟ್ ಅರ್ಜಿ ಸಲ್ಲಿಕೆಯಾಗುತ್ತದೆ. ಅದರ ವಿಚಾರಣೆಯ ಅಧಿಕಾರ ಜಿಲ್ಲಾ ನ್ಯಾಯಾಧೀಶರದು. ವಿರೋಧ ಬಂದರೆ ಅರ್ಜಿ ಸಿವಿಲ್ ದಾವೆಯ ರೂಪ ತಾಳುತ್ತದೆ.

ಉಯಿಲು ನೋಂದಣಿಯಾಗಿದೆ ಎಂದ ಮಾತ್ರಕ್ಕೆ ಸಾಬೀತಾದಂತಲ್ಲ. ಸಹಿ ಹಾಕಿದ ಸಾಕ್ಷಿಗಳಲ್ಲಿ ಬದುಕಿರುವ ಒಬ್ಬರಾದರೂ ನ್ಯಾಯಾಲಯದಲ್ಲಿ ಸಾಕ್ಷ್ಯ ನುಡಿಯಬೇಕು. ಉಯಿಲಿನ ಸುತ್ತ ಅನುಮಾನದ ಸಂದರ್ಭಗಳಿದ್ದರೆ ಅವನ್ನು ನಿವಾರಿಸುವ ಹೊಣೆ ಉಯಿಲನ್ನು ಮುಂದಿಡುವವರದು. ಮೈಸೂರು ರಾಜ್ಯದಿಂದ ಸುಪ್ರೀಂ ಕೋರ್ಟಿಗೆ ಹೋದ ವೆಂಕಟಾಚಲ ಅಯ್ಯಂಗಾರ್–ತಿಮ್ಮಾಜಮ್ಮ ಪ್ರಕರಣದಲ್ಲಿ 1958ರಲ್ಲಿ ಸ್ಪಷ್ಟಪಟ್ಟ ಈ ತತ್ತ್ವವನ್ನು ದೇಶದ ನ್ಯಾಯಾಲಯಗಳು ಇಂದಿಗೂ ಅನುಸರಿಸುತ್ತವೆ.

ಮಾರುವ ಅಧಿಕಾರ

ನಿರ್ವಾಹಕನಿಗೆ ಅಧಿಕಾರ ಬರುವುದು ಉಯಿಲಿನಿಂದ. ಪ್ರೊಬೇಟ್ ಸಿಕ್ಕ ಮೇಲೆ, ಮರಣದ ದಿನದಿಂದ ಅವನು ನಿರ್ವಾಹಕನಾಗಿ ನಡೆಸಿದ ವ್ಯವಹಾರಗಳೂ ಸಿಂಧುವಾಗುತ್ತವೆ (ಕಲಮು 227). ಉಯಿಲಿನಲ್ಲಿ ಮಾರಾಟಕ್ಕೆ ನಿರ್ಬಂಧವಿದ್ದರೆ, ಪ್ರೊಬೇಟ್ ಪಡೆದು ನ್ಯಾಯಾಲಯದ ಲಿಖಿತ ಅನುಮತಿಯನ್ನೂ ಪಡೆಯದ ಹೊರತು ಅದನ್ನು ಮೀರುವಂತಿಲ್ಲ. ಆಡಳಿತಗಾರನ ಸ್ಥಿತಿ ಬೇರೆ. ಅವನ ಅಧಿಕಾರ ನ್ಯಾಯಾಲಯದ ಆದೇಶದಿಂದಲೇ ಹುಟ್ಟುವುದರಿಂದ, ಪೂರ್ವಾನುಮತಿಯಿಲ್ಲದೆ ಅವನು ಮನೆಯನ್ನು ಮಾರುವಂತಿಲ್ಲ, ಅಡವಿಡುವಂತಿಲ್ಲ, ಐದು ವರ್ಷ ಮೀರಿದ ಗುತ್ತಿಗೆಗೆ ಕೊಡುವಂತಿಲ್ಲ. ಈ ನಿಯಮ ಮುರಿದ ಮಾರಾಟವನ್ನು ಹಿತಾಸಕ್ತಿಯುಳ್ಳ ಯಾರೇ ಆದರೂ ರದ್ದು ಮಾಡಿಸಬಹುದು (ಕಲಮು 307).

ವ್ಯಾಜ್ಯ ಎಳೆದಾಡುತ್ತಿರುವಾಗ ಮನೆ ಪಾಳು ಬೀಳುವ ಸ್ಥಿತಿಗೆ ಬಂದರೆ, 247ನೇ ಕಲಮಿನಡಿ ತಾತ್ಕಾಲಿಕ ಆಡಳಿತಗಾರನ ನೇಮಕ ಕೋರಬಹುದು. ಮಳೆಗಾಲದಲ್ಲಿ ಹೆಂಚು ಕೈಯಾಡಿಸದೆ ಬಿಟ್ಟ ಮಲೆನಾಡಿನ ಮಣ್ಣುಗೋಡೆಯ ಮನೆಗಳಿಗೆ ಈ ಉಪಾಯ ವಿಶೇಷವಾಗಿ ಉಪಯುಕ್ತ. ತಾತ್ಕಾಲಿಕ ಆಡಳಿತಗಾರ ನ್ಯಾಯಾಲಯದ ಹತೋಟಿಯಲ್ಲಿ ಆಸ್ತಿಯನ್ನು ಕಾಯಬಲ್ಲನೇ ಹೊರತು ವಾರಸುದಾರರಿಗೆ ಹಂಚಲಾರ.

ವಾರಸುದಾರರ ಪಾಲು

ಪ್ರೊಬೇಟ್ ನ್ಯಾಯಾಲಯ ಉಯಿಲಿನ ಸಾಚಾತನವನ್ನು ನಿರ್ಣಯಿಸುತ್ತದೆ; ಮೃತರಿಗೆ ಆ ಮನೆಯ ಮೇಲೆ ಎಷ್ಟು ಹಕ್ಕಿತ್ತೆಂಬುದನ್ನಲ್ಲ. ಒಟ್ಟು ಕುಟುಂಬದ ಮನೆಯಾದರೆ ಹಿಂದೂ ವ್ಯಕ್ತಿ ತನ್ನ ಪಾಲಿಗೆ ಮಾತ್ರ ಉಯಿಲು ಬರೆಯಬಲ್ಲ. ಕರ್ನಾಟಕದಲ್ಲಿ 1994ರ ರಾಜ್ಯ ತಿದ್ದುಪಡಿ, ಬಳಿಕ 2005ರ ಕೇಂದ್ರ ತಿದ್ದುಪಡಿ ಹೆಣ್ಣುಮಕ್ಕಳಿಗೂ ಜನ್ಮದತ್ತ ಪಾಲು ಕೊಟ್ಟವು. 2005ರ ತಿದ್ದುಪಡಿ ಜಾರಿಯಾದಾಗ ತಂದೆ ಬದುಕಿರಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ವಿನೀತಾ ಶರ್ಮಾ ತೀರ್ಪಿನಲ್ಲಿ ಹೇಳಿತು. ಮದುವೆಯಾಗಿ ಬೇರೆ ಊರಿಗೆ ಹೋದ ಹೆಣ್ಣುಮಕ್ಕಳ ಸಹಿಯಿಲ್ಲದೆ ಗಂಡುಮಕ್ಕಳಷ್ಟೇ ಬರೆದುಕೊಟ್ಟ ಕ್ರಯಪತ್ರಗಳು ಪಾಲಿನ ದಾವೆಗೆ ಗುರಿಯಾಗುವುದು ಇದೇ ಕಾರಣಕ್ಕೆ. ಮುಸ್ಲಿಂ ಕುಟುಂಬಗಳಲ್ಲಿ ಉಯಿಲಿನ ಮೂಲಕ ಕೊಡಬಹುದಾದದ್ದು ಸಾಮಾನ್ಯವಾಗಿ ಆಸ್ತಿಯ ಮೂರನೇ ಒಂದು ಭಾಗ ಮಾತ್ರ.

ವಾರಸುದಾರರಲ್ಲಿ ಅಪ್ರಾಪ್ತರಿದ್ದರೆ, ಅವರ ಪ್ರತ್ಯೇಕ ಪಾಲನ್ನು ಮಾರಲು ಪೋಷಕರು 1956ರ ಹಿಂದೂ ಅಪ್ರಾಪ್ತತೆ ಮತ್ತು ಪಾಲಕತ್ವ ಕಾಯ್ದೆಯಂತೆ ನ್ಯಾಯಾಲಯದ ಅನುಮತಿ ಪಡೆಯಬೇಕು. ವಾರಸುದಾರರಲ್ಲಿ ಒಬ್ಬರು ತಮ್ಮ ಪಾಲನ್ನು ಹೊರಗಿನವರಿಗೆ ಮಾರಿದರೂ, ಕುಟುಂಬದವರು ವಾಸಿಸುವ ಮನೆಯಲ್ಲಿ ಜಂಟಿ ಸ್ವಾಧೀನ ಕೇಳುವ ಹಕ್ಕು ಕೊಂಡವರಿಗೆ ಬರುವುದಿಲ್ಲ. ಮೃತರು ಬದುಕಿದ್ದಾಗ ಕೊಟ್ಟ ಮುಖ್ತಿಯಾರು ಪತ್ರ ಸಾಮಾನ್ಯವಾಗಿ ಅವರ ಮರಣದೊಂದಿಗೆ ಮುಗಿಯುವುದರಿಂದ, ಅದನ್ನು ಹಿಡಿದು ಮನೆ ಮಾರುವಂತಿಲ್ಲ.

ದಾಖಲೆಗಳು

ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ, ಮೂಲ ಕ್ರಯಪತ್ರ ಅಥವಾ ಪಾಲುಪಟ್ಟಿ, ಕಂದಾಯದ ರಸೀದಿ ಮತ್ತು ಋಣಭಾರ ಪತ್ರ ಮೊದಲು ಬೇಕಾಗುವ ಕಾಗದಗಳು. ಹಳ್ಳಿಯ ಮನೆಗೆ ಗ್ರಾಮ ಪಂಚಾಯಿತಿಯ ಇ-ಸ್ವತ್ತು ದಾಖಲೆ, ಪಟ್ಟಣದ ಮನೆಗೆ ಪಟ್ಟಣದ ಸ್ಥಳೀಯ ಸಂಸ್ಥೆಯ ಇ-ಖಾತೆ ಇರಬೇಕು. ಖಾತೆ ತೆರಿಗೆಗಾಗಿ ಇರುವ ದಾಖಲೆ. ಅದರಿಂದ ಒಡೆತನ ಹುಟ್ಟುವುದಿಲ್ಲ. ಋಣಭಾರ ಪತ್ರದಲ್ಲಿ ಉಯಿಲುಗಳಾಗಲಿ, ನ್ಯಾಯಾಲಯದಲ್ಲಿ ಬಾಕಿಯಿರುವ ಪ್ರಕರಣಗಳಾಗಲಿ ಸಾಮಾನ್ಯವಾಗಿ ಕಾಣುವುದಿಲ್ಲ. ಕೊಳ್ಳುವವರು ಅವನ್ನು ಬೇರೆಯಾಗಿಯೇ ವಿಚಾರಿಸಬೇಕು. ಸರ್ಕಾರ ಮಂಜೂರು ಮಾಡಿದ ನಿವೇಶನ ಅಥವಾ 94ಸಿ ಹಕ್ಕುಪತ್ರದ (ಸರ್ಕಾರಿ ಜಾಗದಲ್ಲಿ ಕಟ್ಟಿ ಸಕ್ರಮಗೊಂಡ) ಮನೆಯಾದರೆ ಪರಭಾರೆಯ ಷರತ್ತುಗಳನ್ನು ಓದಬೇಕು. ಮನೆಯೊಂದಿಗೆ ಅಡಿಕೆ ತೋಟವೂ ಇದ್ದರೆ ತೋಟದ ಪಹಣಿ, ಪೌತಿ ಖಾತೆ ಬೇರೆಯೇ ಆಗಬೇಕು.

ಅರ್ಜಿ ಬಾಕಿಯಿರುವಾಗಿನ ವ್ಯವಹಾರ

ಅತ್ಯಂತ ಸುರಕ್ಷಿತವಾದ ದಾರಿ ನಿರ್ವಾಹಕ, ಉಯಿಲಿನ ಫಲಾನುಭವಿಗಳು ಮತ್ತು ಎಲ್ಲ ವಾರಸುದಾರರು ಒಟ್ಟಾಗಿ ಕ್ರಯಪತ್ರಕ್ಕೆ ಸಹಿ ಹಾಕುವುದು, ಅಥವಾ ಹಣ ಪಡೆದವರು ಮೊದಲೇ ಹಕ್ಕು ಖುಲಾಸೆ ಪತ್ರ ನೋಂದಾಯಿಸಿಕೊಡುವುದು. ಒಪ್ಪಿಗೆ ಸಿಗದಿದ್ದರೆ, ಪ್ರೊಬೇಟ್ ಆದ ಬಳಿಕವೇ ನೋಂದಣಿ ಎಂಬ ಷರತ್ತಿನ ಕ್ರಯದ ಕರಾರು ಮಾಡಿಕೊಳ್ಳಬಹುದು. ಅದರಲ್ಲಿ ಮುಂಗಡದ ಮೊತ್ತ, ಗಡುವು, ಅರ್ಜಿ ವಜಾ ಆದರೆ ಹಣ ವಾಪಸಾಗುವ ಬಗೆ ಸ್ಪಷ್ಟವಾಗಿರಬೇಕು. ಪಾಲಿನ ದಾವೆ ನಡೆಯುತ್ತಿದ್ದರೆ ಕೊಂಡವರು ಅದರ ತೀರ್ಪಿಗೆ ಬದ್ಧರು.

ಹಣದ ವಿನಿಯೋಗ

ವಾರಸಿನ ಮನೆಯ ಬಂಡವಾಳ ಲಾಭ ಲೆಕ್ಕ ಹಾಕುವಾಗ ಹಿಂದಿನ ಮಾಲೀಕರು ಕೊಟ್ಟ ಬೆಲೆ ಮತ್ತು ಅವರು ಇಟ್ಟುಕೊಂಡಿದ್ದ ಅವಧಿ ಗಣನೆಗೆ ಬರುತ್ತವೆ. 2001ರ ಏಪ್ರಿಲ್ 1ಕ್ಕೆ ಮೊದಲು ಕೊಂಡ ಮನೆಗೆ ಆ ದಿನದ ಮಾರುಕಟ್ಟೆ ಬೆಲೆಯನ್ನು ಆಧರಿಸಬಹುದು. ನಿರ್ವಾಹಕ ಪ್ರೊಬೇಟ್ ಸಿಕ್ಕ ಆರು ತಿಂಗಳೊಳಗೆ ಆಸ್ತಿಯ ಪಟ್ಟಿಯನ್ನೂ ಒಂದು ವರ್ಷದೊಳಗೆ ಲೆಕ್ಕವನ್ನೂ ನ್ಯಾಯಾಲಯಕ್ಕೆ ಒಪ್ಪಿಸಬೇಕು. ಬಂದ ಹಣದಲ್ಲಿ ಮೊದಲು ಅಂತ್ಯಕ್ರಿಯೆ ಮತ್ತು ಕೊನೆಗಾಲದ ಚಿಕಿತ್ಸೆಯ ಖರ್ಚು, ನಂತರ ಪ್ರೊಬೇಟ್ ವೆಚ್ಚ, ಆಮೇಲೆ ಮೃತರ ಬಳಿ ಕೊನೆಯ ಮೂರು ತಿಂಗಳು ದುಡಿದ ಕೂಲಿಯವರ, ಮನೆಗೆಲಸದವರ ಸಂಬಳ, ಬಳಿಕ ಉಳಿದ ಸಾಲಗಳು ತೀರಬೇಕು. ಇವೆಲ್ಲ ಕಳೆದು ಉಳಿದದ್ದಷ್ಟೇ ಉಯಿಲಿನಂತೆ ಹಂಚಿಕೆಯಾಗುತ್ತದೆ.